ಬೂದು ಶಾಯಿಯ ಮಾಷ್ಟ್ರು

ಮಣ್ಣು ಮಾಡಿ ಬಂದ ಮೇಲೆ ಇಗರ್ಜಿಯ ಹಿಂದಿನ ಸಣ್ಣ ಹಾಲ್‌ನಲ್ಲಿ ಎಲ್ಲರಿಗೂ ಚಹಾ ಕೊಟ್ಟರು. ಶಾಲೆಯ ಕಡೆಯಿಂದ ನಾವು ಆರು ಜನ ಹೋಗಿದ್ದೆವು. ಪಾದ್ರಿಗಳು ನಮ್ಮ ಬೆಂಚಿನ ಹತ್ತಿರ ಬಂದು, "ಮಾಷ್ಟ್ರ ಬಗ್ಗೆ ಶಾಲೆಯವರು ಯಾರಾದ್ರೂ ಎರಡು ಮಾತು ಹೇಳ್ತೀರಾ?" ಎಂದು ಕೇಳಿದರು. ಉಳಿದ ಐವರೂ ನನ್ನ ಮುಖ ನೋಡಿದರು. ಸ್ಟಾಫ್ ರೂಮಿನಲ್ಲಿ ಅವರಿದ್ದ ಮೇಜಿನಲ್ಲೇ ಹೆಚ್ಚು ವರ್ಷ ಕೂತವಳು ನಾನು. ಎದ್ದು ನಿಂತೆ. "ಮಾಷ್ಟ್ರು ಒಳ್ಳೆಯವರು" ಎಂದೆ. ಮುಂದಿನ ಮಾತು ಬರಲಿಲ್ಲ. ಕೂತೆ. ಅಳು ಬಂತೆಂದು ಎಲ್ಲರೂ ತಿಳಿದರು. ಮಾಷ್ಟ್ರ ಅಕ್ಕ ಎದ್ದು ಬಂದು ನನ್ನ ಬೆನ್ನು ಸವರಿದರು. ಆ ಕೈ ಬೆನ್ನ ಮೇಲಿದ್ದಷ್ಟು ಹೊತ್ತು ನಾನು ತಲೆ ಎತ್ತಲಿಲ್ಲ.

'ಒಳ್ಳೆಯ' ಎಂಬ ಶಬ್ದವೆಂದರೆ ಅವರಿಗೆ ಆಗುತ್ತಿರಲಿಲ್ಲ. ಮಕ್ಕಳು 'ನಮ್ಮ ಶಾಲೆ ಒಳ್ಳೆಯ ಶಾಲೆ' ಎಂದು ಬರೆದರೆ ಅದಕ್ಕೊಂದು ಕೆಂಪು ಸುತ್ತು ಬೀಳುತ್ತಿತ್ತು. "ಎಂತ ಹೇಳ್ಬೇಕೂಂತ ಗೊತ್ತಿಲ್ಲದವ ಬರೆಯುವ ಶಬ್ದ ಇದು. ಎಂತ ಒಳ್ಳೇದು? ಬಾವಿಯ ನೀರಾ? ಗಂಟೆಯ ಶಬ್ದವಾ? ಅದನ್ನು ಬರಿ." ಅವರನ್ನು ಮಣ್ಣು ಮಾಡಿ ಬಂದು ನಾನು ಆಡಿದ ಮಾತಿಗೂ ಆ ಸುತ್ತು ಬೀಳಬೇಕಿತ್ತು. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಅವರು ಕನ್ನಡ ಮಾಷ್ಟ್ರು. ನಾನು ಹೊಲಿಗೆ ಟೀಚರು. ಗಡಿನಾಡಿನ ಸೀತಾಂಗೋಳಿಯಿಂದ ಸ್ವಲ್ಪ ಒಳಗೆ ಇರುವ ನಮ್ಮ ಹೈಸ್ಕೂಲಿನಲ್ಲಿ ಸ್ಟಾಫ್ ರೂಮಿನ ಉದ್ದ ಮೇಜಿನ ಒಂದು ತುದಿ ಅವರದ್ದು, ಇನ್ನೊಂದು ತುದಿ ನನ್ನದು. ಅವರ ಕಡೆ ಕಿಟಕಿ, ಫ್ಯಾನು, ಕನ್ನಡದ ನಿಘಂಟು. ನನ್ನ ಕಡೆ ಕೈ ತೊಳೆಯುವ ಬೇಸಿನ್. ಎಲ್ಲರೂ ಊಟ ಮಾಡಿ ಕೈ ತೊಳೆಯಲು ಬರುವಾಗ ನನ್ನ ಹೆಗಲಿಗೆ ನೀರು ಸಿಡಿಯುತ್ತಿತ್ತು. ಹೊಲಿಗೆಗೆ ಪರೀಕ್ಷೆಯಿಲ್ಲ, ಮಾರ್ಕಿಲ್ಲ. ಟೀಚರಿಗೆ ಅಷ್ಟೇ ಮರ್ಯಾದೆ. ಆದರೆ ಮಾಷ್ಟ್ರು ಮಾತ್ರ ತಿಂಗಳಿಗೊಮ್ಮೆ ಎದ್ದು ನನ್ನ ತುದಿಗೆ ಬರುತ್ತಿದ್ದರು. ನಿಬ್ಬು ಒರೆಸಲು ಒಂದು ತುಂಡು ಬಿಳಿ ಬಟ್ಟೆ ಬೇಕಿತ್ತು ಅವರಿಗೆ. "ಟೀಚರ್, ಲಾಂಗ್ ಕ್ಲಾತಿನ ತುಂಡು ಉಂಟಾ? ಹೊಸದು ಬೇಡ. ನಾಲ್ಕು ಸಲ ಒಗೆದದ್ದು ಆದ್ರೆ ಶಾಯಿ ಕುಡೀತದೆ." ನಾನು ಚೌಕಾಕಾರದಲ್ಲಿ ಕತ್ತರಿಸಿ, ಅಂಚು ಮಡಚಿ ಹೊಲಿದು ಕೊಡುತ್ತಿದ್ದೆ. ಅಂಚು ಬೇಕಿರಲಿಲ್ಲ. ಆದರೂ ಹೊಲಿಯುತ್ತಿದ್ದೆ.

ಅವರಲ್ಲಿ ಎರಡು ಇಂಕ್ ಪೆನ್ನುಗಳಿದ್ದವು. ನೀಲಿಯದ್ದು ಹಾಜರಿ ಪುಸ್ತಕಕ್ಕೆ. ದಪ್ಪ ಕಪ್ಪು ಮೈಯ ಇನ್ನೊಂದು ಪೆನ್ನು ಕೆಂಪು ಶಾಯಿಗೆ. ಮಕ್ಕಳು ಆ ಕಪ್ಪು ಪೆನ್ನಿಗೆ 'ಚೂರಿ' ಎಂದು ಹೆಸರಿಟ್ಟಿದ್ದರು. ಅವರ ಮನೆ ಮಾತು ಕೊಂಕಣಿ. ಕನ್ನಡವನ್ನು ಅವರು ಶಾಲೆಯಲ್ಲಿ ಕಲಿತದ್ದು, ಮತ್ತೆ ಯಾರೂ ಬೆರಳು ತೋರಿಸದ ಹಾಗೆ ಕಲಿತದ್ದು. ಮನೆಯಲ್ಲೂ ಕನ್ನಡವೇ ಆಡುವ ಸಹೋದ್ಯೋಗಿಗಳು ಮಾತಿನಲ್ಲಿ ಎಲ್ಲಾದರೂ ಎಡವಿದರೆ ಕೂಡಲೇ ತಿದ್ದುತ್ತಿದ್ದರು. "ನಿಮ್ಗೆ ಕನ್ನಡ ಅಂದ್ರೆ ಹುಟ್ಟುವಾಗ ತೊಡಿಸಿದ ಅಂಗಿ. ನಾನು ಬಟ್ಟೆ ತಂದು, ಅಳತೆ ಕೊಟ್ಟು ಹೊಲಿಸಿಕೊಂಡದ್ದು. ಗುಂಡಿ ಕಿತ್ತುಹೋದ್ರೆ ಮೊದಲು ನಂಗೆ ಗೊತ್ತಾಗ್ತದೆ." ಹೀಗೆ ಹೇಳುವಾಗ ನನ್ನ ಕಡೆ ನೋಡಿ ಸಣ್ಣಗೆ ನಗುತ್ತಿದ್ದರು, ಹೊಲಿಗೆಯ ಮಾತು ನನಗೆ ಅರ್ಥವಾಗುತ್ತದೆಂದು.

ಕೆಟ್ಟ ಮನುಷ್ಯರಲ್ಲ. ಬೆತ್ತ ಮುಟ್ಟಿದವರಲ್ಲ. ಒಂದೊಂದು ಪ್ರಬಂಧವನ್ನು ಇಪ್ಪತ್ತು ನಿಮಿಷ ಓದುತ್ತಿದ್ದರು. ಶನಿವಾರ ಎಲ್ಲರೂ ಮನೆಗೆ ಹೋದರೂ ಅವರ ಮೇಜಿನ ಮೇಲೆ ನೋಟ್‌ಬುಕ್ಕಿನ ಎರಡು ಅಟ್ಟಿ ಇರುತ್ತಿದ್ದವು. ಓದುವಾಗ ತುಟಿ ಆಡುತ್ತಿತ್ತು. ಎಲ್ಲಾದರೂ ಒಂದು ಸಾಲು ಇಷ್ಟವಾದರೆ ಮೇಜಿಗೆ ಬೆರಳಿನಿಂದ ಎರಡು ಸಲ ಕುಟ್ಟುತ್ತಿದ್ದರು. ಆ ಶಬ್ದ ಬಹಳ ಅಪರೂಪ. ಹೆಚ್ಚಾಗಿ ಕೇಳುತ್ತಿದ್ದದ್ದು ನಿಬ್ಬು ಕಾಗದವನ್ನು ಕೆರೆಯುವ ಶಬ್ದವೇ.

ನಸೀಮಾ ಒಂಬತ್ತನೇ ಕ್ಲಾಸಿಗೆ ನಮ್ಮಲ್ಲಿಗೆ ಸೇರಿದಳು. ಅಪ್ಪ ಗಲ್ಫಿನಲ್ಲಿ. ಮನೆಯಲ್ಲಿ ಬ್ಯಾರಿ ಭಾಷೆ, ಅಪ್ಪನಿಗೆ ಉಪ್ಪ, ಅಮ್ಮನಿಗೆ ಉಮ್ಮ. ತರಗತಿಯಲ್ಲಿ ಕೊನೆಯ ಬೆಂಚು, ಮಾತು ಕಡಿಮೆ. ಮಧ್ಯಾಹ್ನ ಊಟ ಮುಗಿಸಿ ನನ್ನ ಹೊಲಿಗೆ ಕೋಣೆಗೆ ಬಂದು ಮೂಲೆಯ ಮಿಷನ್ನಿನ ಮೇಲೆ ಪುಸ್ತಕ ಇಟ್ಟು ಬರೆಯುತ್ತಿದ್ದಳು. "ಕ್ಲಾಸಲ್ಲಿ ಗಲಾಟೆ ಟೀಚರೇ, ಇಲ್ಲಿ ಕೂತ್ಕೊಳ್ಲಾ?" ಎಂದು ಮೊದಲ ದಿನ ಕೇಳಿದ್ದಳು. ಆಮೇಲೆ ಕೇಳಲಿಲ್ಲ, ಬಂದು ಕೂರುತ್ತಿದ್ದಳು.

ಒಂದು ದಿನ ಅಲ್ಲಿಂದಲೇ ಕೇಳಿದಳು: "ಟೀಚರೇ, ಫೋನ್ ಇಟ್ಟ ಮೇಲೂ ಮಾತಾಡಿದವರ ಸ್ವರ ಕಿವಿಯಲ್ಲಿ ಸ್ವಲ್ಪ ಹೊತ್ತು ಇರ್ತದಲ್ಲಾ? ಬೇರೆ ಕೆಲಸ ಮಾಡುವಾಗ್ಲೂ ಇರ್ತದೆ. ಅದಕ್ಕೆ ಕನ್ನಡದಲ್ಲಿ ಎಂತ ಹೇಳುವುದು?"

ನಾನು ಸೂಜಿಗೆ ನೂಲು ಹಾಕುತ್ತಿದ್ದೆ. ಯೋಚಿಸಿ, "ಗುಂಗು ಅಂತ ಹೇಳ್ಬಹುದು" ಎಂದೆ.

"ಗುಂಗು" ಎಂದು ಅವಳು ಬಾಯಲ್ಲಿ ಎರಡು ಸಲ ಹೇಳಿ ನೋಡಿದಳು. "ಚಂದ ಉಂಟು" ಎಂದು ಬರೆದುಕೊಂಡಳು.

ಮಾಷ್ಟ್ರು ಕೊಟ್ಟ ವಿಷಯ 'ನನ್ನ ಮನೆಯ ಒಬ್ಬರು'. ಅವಳು ಬರೆದದ್ದನ್ನು ಅವತ್ತೇ ನನಗೆ ಓದಿ ಹೇಳಿದ್ದಳು. ಮೊದಲ ಸಾಲುಗಳು ಈಗಲೂ ನನಗೆ ಬಾಯಿಪಾಠ. 'ನನ್ನ ಉಪ್ಪ ಶುಕ್ರವಾರ ಹತ್ತು ನಿಮಿಷ ಇರುತ್ತಾರೆ. ಉಳಿದ ದಿನ ಫೋನು ಇರುತ್ತದೆ. ಫೋನು ಇಟ್ಟ ಮೇಲೆ ಅವರ ಗುಂಗು ಇರುತ್ತದೆ, ಉಮ್ಮ ಅಕ್ಕಿ ತೊಳೆಯುವ ವರೆಗೆ.' ಎರಡು ಪುಟ ಹೀಗೇ ಇತ್ತು. ನಾನು ಸೂಜಿ ಕೆಳಗಿಟ್ಟು ಕೇಳಿದ್ದೆ.

ಮೂರು ದಿನ ಕಳೆದು ನಾಲ್ಕನೇ ಪಿರಿಯಡ್ಡಿನಲ್ಲಿ ಪಕ್ಕದ ತರಗತಿಯಿಂದ ಮಾಷ್ಟ್ರ ಸ್ವರ ಕೇಳಿಸಿತು. ನಮ್ಮ ಶಾಲೆಯ ಗೋಡೆಗಳು ಮಾಡಿನವರೆಗೆ ಹೋಗುವುದಿಲ್ಲ. ಒಂದು ಕೋಣೆಯ ಮಾತು ಮೂರು ಕೋಣೆಗೆ ಕೇಳುತ್ತದೆ.

"ನಿಲ್ಲು. ಇದನ್ನು ಎಲ್ಲಿಂದ ಕದ್ದೆ?"

"ನಾನೇ ಬರೆದದ್ದು ಮಾಷೇ."

"ಗುಂಗು. ಈ ಶಬ್ದ ನಿನ್ನ ಪಾಠದಲ್ಲಿ ಇಲ್ಲ. ಈ ಕ್ಲಾಸಿನಲ್ಲಿ ಯಾರಿಗೂ ಗೊತ್ತಿಲ್ಲ. ನಿನ್ನ ಮನೆಯಲ್ಲಿ ಕನ್ನಡ ಇಲ್ಲ. ಎಲ್ಲಿ ಸಿಕ್ಕಿತು?"

ಆಮೇಲೆ ಅವಳ ಸಣ್ಣ ಸ್ವರ: "ಹೊಲಿಗೆ ಟೀಚರ್ ಹೇಳಿದ್ದು."

ಇಡೀ ಕ್ಲಾಸು ನಕ್ಕಿತು. ಹೊಲಿಗೆ ಟೀಚರು ಕನ್ನಡ ಶಬ್ದ ಹೇಳಿಕೊಟ್ಟರೆಂಬುದು ಮಕ್ಕಳಿಗೆ ತಮಾಷೆ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ, ಎಲ್ಲರೂ ಬುತ್ತಿ ಬಿಚ್ಚುತ್ತಿರುವಾಗ, ಮೇಜಿನ ಆ ತುದಿಯಿಂದ ಅವರು ಕೇಳಿದರು. "ಟೀಚರ್, ನೀವು ಆ ನಸೀಮಾಗೆ ಪ್ರಬಂಧ ಬರೆದುಕೊಟ್ಟಿದ್ದೀರಾ?"

ನಾನು ಆ ಶಾಲೆಗೆ ಸೇರಿ ಮೂರು ವರ್ಷವಾಗಿತ್ತು. ನೇಮಕಕ್ಕೆ ಸರಕಾರದ ಅಪ್ರೂವಲ್ ಬಂದಿರಲಿಲ್ಲ, ಸಂಬಳ ಶುರುವಾಗಿರಲಿಲ್ಲ. ನನ್ನ ಫೈಲು ಶಾಲೆ ನಡೆಸುವ ಮ್ಯಾನೇಜರ ಮೇಜಿನಿಂದ ಶಿಕ್ಷಣ ಆಫೀಸಿಗೆ, ಆಫೀಸಿನಿಂದ ಮೇಜಿಗೆ ಓಡಾಡುತ್ತಿತ್ತು. ಮ್ಯಾನೇಜರು ಯಾವುದೇ ವಿಷಯಕ್ಕೂ ಮೊದಲು ಕೇಳುತ್ತಿದ್ದದ್ದು ಮಾಷ್ಟ್ರ ಮಾತನ್ನು. ಹೊಲಿಗೆ ಟೀಚರು ಮಕ್ಕಳಿಗೆ ಪ್ರಬಂಧ ಬರೆದುಕೊಡುತ್ತಾಳೆ ಎಂಬ ಮಾತು ಅಲ್ಲಿಗೆ ಹೋದರೆ? ಒಂಬತ್ತು ಮುಖಗಳು ನನ್ನನ್ನು ನೋಡುತ್ತಿದ್ದವು.

"ಇಲ್ಲ" ಎಂದೆ. ಅಲ್ಲಿಗೆ ನಿಲ್ಲಿಸಿದ್ದರೆ ಅದು ನಿಜವೇ ಆಗಿತ್ತು, ನಾನು ಬರೆದುಕೊಟ್ಟಿರಲಿಲ್ಲ. ಆದರೆ ನಿಲ್ಲಿಸಲಿಲ್ಲ. "ನಂಗೆ ಎಂತದೂ ಗೊತ್ತಿಲ್ಲ ಮಾಷ್ಟ್ರೇ. ಆ ಹುಡುಗಿ ಎಂತ ಬರೀತಾಳೇಂತ ನಾನು ನೋಡ್ಲಿಲ್ಲ."

ಮಾಷ್ಟ್ರು ತಲೆಯಾಡಿಸಿದರು. ಊಟ ಮುಗಿಸಿ, ಕೈ ಒರೆಸಿ, ಕಪ್ಪು ಪೆನ್ನಿನ ಟೊಪ್ಪಿ ತೆಗೆದು ನೋಟ್‌ಬುಕ್ಕಿನ ಮೇಲೆ ಅಡ್ಡಕ್ಕೆ ಬರೆದರು: 'ಇದನ್ನು ಎಲ್ಲಿಂದ ಕದ್ದೆ? ಕದ್ದದ್ದು ಸಾಲದೆಂದು ಸುಳ್ಳು ಬೇರೆ.' ನನ್ನ ತುದಿಯಿಂದಲೂ ಕೆಂಪು ಕಾಣುತ್ತಿತ್ತು.

ಮರುದಿನದಿಂದ ನಸೀಮಾ ಹೊಲಿಗೆ ಕೋಣೆಗೆ ಬರಲಿಲ್ಲ. ವರಾಂಡದಲ್ಲಿ ಎದುರು ಸಿಕ್ಕರೆ "ನಮಸ್ತೇ ಟೀಚರ್" ಎನ್ನುತ್ತಿದ್ದಳು, ಬೇರೆ ಎಲ್ಲರಿಗೂ ಹೇಳುವ ಹಾಗೆ. ಪರೀಕ್ಷೆಯಲ್ಲಿ ಕನ್ನಡ ಪ್ರಬಂಧಕ್ಕೆ ಐದು ಸಾಲು ಬರೆದಳು. 'ನಮ್ಮ ಶಾಲೆ ಒಳ್ಳೆಯ ಶಾಲೆ. ನಮ್ಮ ಅಧ್ಯಾಪಕರು ಒಳ್ಳೆಯವರು.' ಶಾಲೆ ಮುಚ್ಚಿದ ಮೇಲೆ ಅವಳ ಉಮ್ಮ ಬಂದು ಟಿ.ಸಿ. ತೆಗೆದುಕೊಂಡು ಹೋದರು. ಉಪ್ಪಳದ ಕಡೆ ತವರುಮನೆಯ ಹತ್ತಿರ ಹೋಗುತ್ತೇವೆ, ಅಲ್ಲಿ ಮಲಯಾಳಂ ಮೀಡಿಯಮ್ಮಿಗೆ ಸೇರಿಸುತ್ತೇವೆ ಎಂದರು. ಒಂಬತ್ತು ವರ್ಷ ಕನ್ನಡ ಕಲಿತ ಹುಡುಗಿ ಹತ್ತಕ್ಕೆ ಮೀಡಿಯಂ ಬದಲಿಸುವುದು ಬೇಡವೆಂದು ಗುಮಾಸ್ತರು ಹೇಳಿ ನೋಡಿದರು. "ಅವಳಿಗೇ ಬೇಡ" ಎಂದರು ಉಮ್ಮ.

ನನ್ನ ಅಪ್ರೂವಲ್ ಬಂದದ್ದು ಆ ವರ್ಷದ ಓಣಂಗೆ ಸ್ವಲ್ಪ ಮುಂಚೆ. ಓಣಂ ಆಚರಣೆಯ ದಿನ ಮಕ್ಕಳೆಲ್ಲ ಶಾಲೆಯ ಹಾಲ್‌ನಲ್ಲಿ ಹೂವಿನ ರಂಗೋಲಿ ಹಾಕುತ್ತಿದ್ದರು, ಟೀಚರುಗಳು ಪಾಯಸ ಬಡಿಸುತ್ತಿದ್ದರು. ಮಾಷ್ಟ್ರು ಒಬ್ಬರೇ ಸ್ಟಾಫ್ ರೂಮಿನಲ್ಲಿ ತಿದ್ದುತ್ತಾ ಕೂತಿದ್ದರು. ನಾನು ಗ್ಲಾಸಿನಲ್ಲಿ ಪಾಯಸ ತಂದಿಟ್ಟು, ಅವರೆದುರಿನ ಕುರ್ಚಿಯಲ್ಲಿ ಮೊದಲ ಬಾರಿ ಕೂತು, ನಡೆದದ್ದನ್ನು ಹೇಳಿದೆ. ಧೈರ್ಯದಿಂದ ಹೇಳಿದೆನೆಂದು ಯಾರೂ ತಿಳಿಯಬಾರದು. ಹೆದರಿಕೆ ಮುಗಿದದ್ದರಿಂದ ಹೇಳಿದೆ. ಅಷ್ಟೇ.

ಅವರು ಪೆನ್ನಿಗೆ ಟೊಪ್ಪಿ ಹಾಕಿದರು. ಬೈಯುತ್ತಾರೆಂದು ಕಾದೆ. ಒಂದೇ ಒಂದು ಪ್ರಶ್ನೆ ಕೇಳಿದರು.

"ಅವಳು ನಿಮ್ಮಲ್ಲಿ ಗುಂಗು ಅಂದ್ರೆ ಎಂತ ಅಂತ ಕೇಳಿದ್ದಾ? ಅಥವಾ ಅರ್ಥ ಹೇಳಿ ಶಬ್ದ ಕೇಳಿದ್ದಾ?"

"ಅರ್ಥ ಹೇಳಿ ಶಬ್ದ ಕೇಳಿದ್ದು."

"ಹಾಗಾದ್ರೆ ಶಬ್ದ ಒಂದು ನಿಮ್ಮದು. ಉಳಿದದ್ದೆಲ್ಲ ಅವಳದ್ದು."

ಪಾಯಸದ ಮೇಲೆ ಕೆನೆ ಕಟ್ಟಿತು. ಆಚೆ ಹಾಲ್‌ನಲ್ಲಿ ಯಾರೋ ಚಪ್ಪಾಳೆ ತಟ್ಟುತ್ತಿದ್ದರು. ಆಮೇಲೆ ಅವರೇ ಹೇಳಿದರು: "ನಾನು ಏಳನೇ ಕ್ಲಾಸಲ್ಲಿರುವಾಗ ನನ್ನ ಪ್ರಬಂಧ ಓದಿ ನಮ್ಮ ಮಾಷ್ಟ್ರು ನಗಾಡಿದ್ರು. ಪೊರ್ಬುಗಳ ಕನ್ನಡ ಅಂತ, ನಾವು ಕ್ರಿಶ್ಚಿಯನ್ನರಲ್ವಾ. ಇಡೀ ಕ್ಲಾಸಿಗೆ ಓದಿ ಹೇಳಿ ನಗಾಡಿದ್ರು. ಆ ಮನುಷ್ಯನ ಹಾಗೆ ಆಗ್ಬಾರ್ದು ಅಂತ ನಾನು ಕನ್ನಡ ಮಾಷ್ಟ್ರಾದದ್ದು." ಗ್ಲಾಸನ್ನು ನನ್ನ ಕಡೆ ಸರಿಸಿದರು. "ಅವರು ನಗಾಡಿದ್ದು ಮಾತ್ರ. ಕಳ್ಳ ಅನ್ಲಿಲ್ಲ."

ಆಮೇಲೆ ಅವರು ಕೆಂಪು ಶಾಯಿ ಮುಟ್ಟಲಿಲ್ಲ. ಮೊದಲು ಹಸಿರು ತಂದರು. ಹಸಿರು ದೊಡ್ಡ ಆಫೀಸರುಗಳದ್ದು, ಅಧ್ಯಾಪಕರು ಬಳಸುವುದು ಸರಿಯಲ್ಲ ಎಂದು ಹೆಡ್‌ಮಾಷ್ಟ್ರು ಹೇಳಿದರು. ನೀಲಿಯಲ್ಲಿ ತಿದ್ದಿದರೆ ಮಕ್ಕಳ ಅಕ್ಷರ ಯಾವುದು, ಮಾಷ್ಟ್ರದ್ದು ಯಾವುದು ಎಂದು ತಿಳಿಯಲಿಲ್ಲ. ನೇರಳೆ ಬಣ್ಣ ತೆಳು ಕಾಗದದ ಹಿಂಬದಿಗೆ ಇಳಿದು ಇನ್ನೊಂದು ಪುಟವನ್ನೂ ಹಾಳು ಮಾಡಿತು. ಕೊನೆಗೆ ಒಂದು ಸೋಮವಾರ ಮಂಗಳೂರಿನ ಅಂಗಡಿಯಿಂದ ತಂದ ಸಣ್ಣ ಗಾಜಿನ ಬಾಟಲಿಯನ್ನು ಹಿಡಿದು ಹೊಲಿಗೆ ಕೋಣೆಗೆ ಬಂದರು. ಅವರು ಆ ಕೋಣೆಗೆ ಬಂದದ್ದು ಅದೇ ಮೊದಲು. ನಸೀಮಾ ಕೂರುತ್ತಿದ್ದದ್ದು ಯಾವ ಮಿಷನ್ನಿನಲ್ಲಿ ಎಂದು ಕೇಳಲಿಲ್ಲ. ಓಣಂ ದಿನ ನಾನು ಹೇಳಿದ್ದ ಮೂಲೆಯ ಮಿಷನ್ನಿನ ಮುಂದೆ ತಾವಾಗಿಯೇ ಹೋಗಿ ಕೂತರು.

"ಬೂದು ಬಣ್ಣ" ಎಂದರು. "ನೋಡುವ."

ಪೆನ್ನು ತೊಳೆಯಲು ಒಂದು ಗಿಂಡಿ ನೀರು ತಂದುಕೊಟ್ಟೆ. ನಿಬ್ಬನ್ನು ಕಳಚಿ, ಅದರ ಅಡಿಯ ನಾಲಗೆಯನ್ನು ಎಳೆದು ನೀರಿಗೆ ಹಾಕಿದರು. ನೀರು ಕೆಂಪಾಯಿತು. ಚೆಲ್ಲಿ ಬಂದೆ. ಮತ್ತೆ ಕೆಂಪಾಯಿತು. ಏಳೆಂಟು ಸಲ ಬದಲಿಸಿದೆವು. ಇಪ್ಪತ್ತೈದು ವರ್ಷ ಕೆಂಪು ಕುಡಿದ ಪೆನ್ನು ಅದು. ನಾಲಗೆಯ ಗೀರುಗಳ ಸಂದಿಯಿಂದ ಕೆಂಪು ಬರುತ್ತಲೇ ಇತ್ತು. ಬಟ್ಟೆಯ ತುಂಡಿನಿಂದ ಒರೆಸಿ, ಗಾಳಿಗೆ ಹಿಡಿದು, ಫಿಲ್ಲರಿನಲ್ಲಿ ಬೂದು ಶಾಯಿ ತುಂಬಿಸಿದರು. ನಾನು ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆ ಹರಿದು ಕೊಟ್ಟೆ.

ಮೊದಲು 'ಅ' ಬರೆದರು. ಅದು ಬೂದಾಗಿರಲಿಲ್ಲ; ಗಾಯ ತೊಳೆದ ನೀರಿನ ಬಣ್ಣಕ್ಕಿತ್ತು. ಅರ್ಧ ಪುಟ ಬರೀ ಸುತ್ತು ಹಾಕಿದ ಮೇಲೆ ಕೆಂಪು ಹೋಗಿ ನಿಜವಾದ ಬಣ್ಣ ಬಂತು. ಹಸಿ ಇರುವಾಗ ಗಾಢ. ಒಣಗುತ್ತಾ ಬಂದ ಹಾಗೆ ತೆಳುವಾಗಿ, ಕೊನೆಗೆ ಸೀಸದ ಕಡ್ಡಿಯಲ್ಲಿ ಬರೆದು ಅರ್ಧ ಉಜ್ಜಿದ ಹಾಗೆ ಉಳಿಯುತ್ತಿತ್ತು. ಅಕ್ಷರದ ಆರಂಭ ಮಸುಕು, ಗೆರೆ ನಿಲ್ಲುವಲ್ಲಿ ಮಾತ್ರ ಸ್ವಲ್ಪ ದಟ್ಟ. ಮಾಷ್ಟ್ರು 'ಳ' ಬರೆದರು, 'ಸರಿ' ಎಂದು ಬರೆದರು, 'ತಪ್ಪು' ಎಂದು ಬರೆದರು. ಕಣ್ಣು ಹತ್ತಿರ ತಂದು, ದೂರ ಮಾಡಿ ನೋಡಿದರು. ಮುಖ ಸ್ವಲ್ಪ ಹಗುರಾದ ಹಾಗೆ ಕಂಡಿತು.

"ಇದು ಆಗ್ಬಹುದು ಅಲ್ವಾ? ಮೆಲ್ಲ ಮಾತಾಡಿದ ಹಾಗೆ ಉಂಟು."

"ಹೌದು ಮಾಷ್ಟ್ರೇ" ಎಂದೆ.

ಆಗ ಅವರು ಹಾಳೆಯ ಮಧ್ಯದಲ್ಲಿ, ಅವತ್ತಿನ ಹಾಗೆಯೇ ಅಡ್ಡಕ್ಕೆ, 'ಇದನ್ನು ಎಲ್ಲಿಂದ ಕದ್ದೆ?' ಎಂದು ಬರೆದರು. ಒಣಗುವವರೆಗೆ ಕಾದರು. ಅಕ್ಷರಗಳು ಒಂದೊಂದಾಗಿ ಬಿಳಚಿಕೊಂಡವು. ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

"ಓದಿ ಟೀಚರ್. ನೋವಾಗ್ತದಾ?"

ನಾನು ಓದಿದೆ.

"ಆಗ್ತದೆ" ಎಂದರು ಅವರೇ. "ಬಣ್ಣದಲ್ಲಿ ಎಂತದೂ ಇಲ್ಲ." ಆದರೂ ಆ ಬಾಟಲಿಯನ್ನು ಜೇಬಿಗೆ ಹಾಕಿಕೊಂಡು ಹೋದರು, ಮತ್ತು ಮುಂದೆ ಅದರಲ್ಲೇ ಬರೆದರು.

ಅಲ್ಲಿಂದ ಮುಂದಿನ ಮಾಷ್ಟ್ರನ್ನು ನೆನೆಯಲು ನನಗೆ ಕಷ್ಟವಾಗುತ್ತದೆ. ಮಕ್ಕಳು ತಮ್ಮ ನೋಟ್‌ಬುಕ್ಕನ್ನು ಕಿಟಕಿಯ ಬೆಳಕಿಗೆ ಹಿಡಿದು ಮಾಷ್ಟ್ರು ಎಂತ ಬರೆದಿದ್ದಾರೆಂದು ಹುಡುಕುತ್ತಿದ್ದರು. ಮೊದಮೊದಲು ತಪ್ಪಿನ ಅಡಿಗೆ ಒಂದು ಬೂದು ಗೆರೆ ಇರುತ್ತಿತ್ತು. ಆಮೇಲೆ ಒಂದು ಚುಕ್ಕೆ. ಆಮೇಲೆ ಪುಟದ ಕೊನೆಗೆ ತಾರೀಕು, ಸಹಿ ಮಾತ್ರ. ಒಂದು ಸಲ ಅವರು ಒಂದೇ ಸಾಲನ್ನು ಬೆರಳಿಟ್ಟು ಮತ್ತೆ ಮತ್ತೆ ಓದುತ್ತಿದ್ದದ್ದು ಕಂಡು, "ಎಂತಾಯ್ತು ಮಾಷ್ಟ್ರೇ?" ಎಂದು ಕೇಳಿದೆ.

"ಈ ಹುಡುಗ 'ಮಳೆ ನನಗೆ ಬಂತು' ಅಂತ ಬರೆದಿದ್ದಾನೆ. ತಪ್ಪಾ, ಅಥವಾ ಅವನಿಗೆ ಹಾಗೇ ಹೇಳ್ಳಿಕ್ಕೆ ಇತ್ತಾ? ಮೊದಲಾದ್ರೆ ನಂಗೆ ಗೊತ್ತಿತ್ತು."

ಅದನ್ನು ಹಾಗೆಯೇ ಬಿಟ್ಟರು. ಎಲ್ಲವನ್ನೂ ಹಾಗೆಯೇ ಬಿಟ್ಟರು. ಮೇಜಿಗೆ ಬೆರಳು ಕುಟ್ಟುವುದೂ ನಿಂತಿತು. ಮಕ್ಕಳ ಕನ್ನಡ ಕೆಟ್ಟಿತು. ಅದನ್ನು ಅಡಗಿಸಿ ಪ್ರಯೋಜನವಿಲ್ಲ. ಮಾಷ್ಟ್ರು ಪುಸ್ತಕ ನೋಡುವುದೇ ಇಲ್ಲ ಎಂದು ತಾಯಂದಿರು ದೂರು ಕೊಟ್ಟರು. ತಪಾಸಣೆಗೆ ಬಂದವರು ನಾಲ್ಕು ನೋಟ್‌ಬುಕ್ ತೆರೆದು, ಕನ್ನಡಕ ಸರಿಮಾಡಿಕೊಂಡು, "ಕರೆಕ್ಷನ್ ಎಲ್ಲಿ?" ಎಂದು ಕೇಳಿದರು. ಹೆಡ್‌ಮಾಷ್ಟ್ರು ಮೆಮೊ ಕೊಟ್ಟರು. ಅದಕ್ಕೂ ಮಾಷ್ಟ್ರು ಉತ್ತರ ಬರೆಯಲಿಲ್ಲ. ಕೆಂಪಿನಲ್ಲಿ ತಿದ್ದುವಾಗ ಅವರಿಗೆ ಹೆದರಿ ಕಲಿತ ಮಕ್ಕಳು ಎಷ್ಟೋ ಮಂದಿ ಇಂದು ಒಳ್ಳೆಯ ಕೆಲಸದಲ್ಲಿದ್ದಾರೆ. ನೋಡಿ, ಮತ್ತೆ 'ಒಳ್ಳೆಯ' ಎಂದು ಬರೆದೆ.

ನಾನೇನು ಮಾಡಿದೆ? ತಿಂಗಳಿಗೊಂದು ಬಟ್ಟೆಯ ತುಂಡು ಹೊಲಿದುಕೊಟ್ಟೆ. ಬಿಳಿ ಬಟ್ಟೆಯಲ್ಲಿ ಬೂದು ಕಲೆ ಕೊಳೆಯ ಹಾಗೆ ಕಾಣುತ್ತಿತ್ತು.

ಪ್ರತಿ ರಜೆಗೂ ಅವರು "ಈ ಸಲ ಉಪ್ಪಳಕ್ಕೆ ಹೋಗಿ ಆ ಮಗುವನ್ನು ಕಂಡು ಬರುವ ಟೀಚರ್" ಎನ್ನುತ್ತಿದ್ದರು. ರಜೆ ಮುಗಿದು ಶಾಲೆ ಶುರುವಾಗುತ್ತಿತ್ತು. ಹೀಗೆ ನಿವೃತ್ತಿಯೂ ಬಂತು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ, ಗೋಡೆ ಗಡಿಯಾರ ಕೊಟ್ಟು, ಮಾತಾಡಲು ಮೈಕು ಕೊಟ್ಟರು. "ನಾನು ಇಲ್ಲಿ ಮಕ್ಕಳಿಂದ ಕಲಿತದ್ದು ಬಹಳ. ಕಲಿತದ್ದು ತಡವಾಯ್ತು" ಎಂದಷ್ಟೇ ಹೇಳಿ ಮೈಕನ್ನು ಹಿಂದೆ ಕೊಟ್ಟರು. ವಿನಯವೆಂದು ಎಲ್ಲರೂ ಚಪ್ಪಾಳೆ ತಟ್ಟಿದರು.

ಕಳೆದ ವರ್ಷ ನಮ್ಮ ಹಳೇ ವಿದ್ಯಾರ್ಥಿನಿಯೊಬ್ಬಳು ಬಸ್ಸಿನಲ್ಲಿ ಸಿಕ್ಕಿ, ನಸೀಮಾ ಮಂಗಲ್ಪಾಡಿಯಲ್ಲಿ ಆನ್‌ಲೈನ್ ಅರ್ಜಿ ತುಂಬಿಸಿ ಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ ಎಂದಳು. ಮಾಷ್ಟ್ರಿಗೆ ಫೋನು ಮಾಡಿ ಹೇಳಿದೆ.

"ನನ್ನ ಪೆನ್ಶನ್ನಿನ ಮಸ್ಟರಿಂಗ್ ಆಗ್ಬೇಕು. ಅಲ್ಲೇ ಹೋಗುವ. ನೀವೂ ಬನ್ನಿ."

ಕುಂಬಳೆಯಲ್ಲಿ ಸಿಕ್ಕಿದೆವು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಉದ್ದ ಲಕೋಟೆ. ಬಸ್ಸಿನಲ್ಲಿ ಮೂರು ಸಲ ಮುಟ್ಟಿ ನೋಡಿಕೊಂಡರು. "ನಾಲ್ಕು ಪುಟ ಆಯ್ತು" ಎಂದರು. "ಒಂದು ವಾರ ಬರೆದೆ. ಎಷ್ಟು ಸಲ ಹರಿದು ಹಾಕಿದೆ ಗೊತ್ತುಂಟಾ ಟೀಚರ್? ನಂದೇ ಪ್ರಬಂಧ ತಿದ್ದಿದ ಹಾಗೆ." ಅವತ್ತು ಒಂದು ಸಲ ನಕ್ಕರು.

ಅಂಗಡಿಯಲ್ಲಿ ಜನವಿತ್ತು. ಕಂಪ್ಯೂಟರಿನ ಹಿಂದೆ ಕೂತ ನಸೀಮಾ ತಲೆ ಎತ್ತಿದಳು. ಆಮೇಲೆ ಎದ್ದು, "ಮಾಷೇ, ಕೂತ್ಕೊಳ್ಳಿ. ಟೀಚರೇ, ನೀವೂ" ಎಂದು ಸ್ಟೂಲು ಎಳೆದುಕೊಟ್ಟಳು. ಕೆಲಸದ ಮಾತು ಬಿಟ್ಟು ಬೇರೇನೂ ಆಡಲಿಲ್ಲ. ಬದುಕಿದ್ದಾರೆಂದು ತೋರಿಸಲು ಮಿಷನ್ನಿನ ಮೇಲೆ ಬೆರಳು ಒತ್ತಬೇಕು. ಮಾಷ್ಟ್ರ ಬೆರಳನ್ನು ಅದು ಹಿಡಿಯಲಿಲ್ಲ. ಅವಳು ಅವರ ಹೆಬ್ಬೆರಳನ್ನು ತನ್ನ ಶಾಲಿನ ಅಂಚಿನಿಂದ ಒರೆಸಿ, ಮೆಲ್ಲ ಒತ್ತಿಹಿಡಿದಳು. ಮೂರನೇ ಸಲಕ್ಕೆ ಹಸಿರು ದೀಪ ಬಂತು.

"ಆಯ್ತು ಮಾಷೇ. ಇನ್ನೊಂದು ವರ್ಷಕ್ಕೆ ಉಂಟು."

ಮಾಷ್ಟ್ರು ಲಕೋಟೆ ತೆಗೆದು ಮೇಜಿನ ಮೇಲಿಟ್ಟರು. ಅವಳು ತೆರೆದು ನೋಡಿದಳು. ನಾಲ್ಕು ಪುಟ ಬೂದು ಅಕ್ಷರ. ಟ್ಯೂಬ್‌ಲೈಟಿನ ಕೆಳಗೆ ಅದು ಕಾಗದದ ಮೇಲೆ ಇದೆಯೋ ಇಲ್ಲವೋ ಎಂಬಂತೆ ಕಾಣುತ್ತಿತ್ತು.

"ನಂಗೀಗ ಕನ್ನಡ ಓದ್ಲಿಕ್ಕೆ ಕಷ್ಟ ಆಗ್ತದೆ ಮಾಷೇ" ಎಂದಳು ಅವಳು. "ಎಂತ ಬರೆದದ್ದು? ಬಾಯಲ್ಲೇ ಹೇಳಿ."

ಮಾಷ್ಟ್ರು ಬಾಯಿ ತೆರೆದರು. "ನೀನು… ಆ ಪ್ರಬಂಧ…" ಎಂದರು. ಹಿಂದೆ ಐದಾರು ಜನ ನಿಂತಿದ್ದರು. ಅವಳು ಅವಸರ ಮಾಡಲಿಲ್ಲ. ಕೈಯನ್ನು ಮಡಿಲಲ್ಲಿಟ್ಟು ಕಾದಳು. ನಾನು ಪಕ್ಕದಲ್ಲೇ ಇದ್ದೆ. ನನಗೂ ಬಾಯಿ ಇತ್ತು.

"ಬೇಗ ಆಗ್ಲಿ ಮಾರಾಯ್ರೆ" ಎಂದರು ಹಿಂದಿನಿಂದ ಯಾರೋ. ಮಾಷ್ಟ್ರು ಎದ್ದರು. ಅವಳು ಕಾಗದ ಮಡಚಿ ಡ್ರಾವರಿನಲ್ಲಿ ಇಟ್ಟಳು.

ಬಸ್‌ಸ್ಟ್ಯಾಂಡಿನಲ್ಲಿ ಅವರು ನನ್ನ ಕಡೆ ನೋಡದೆ ಹೇಳಿದರು: "ಇಷ್ಟು ವರ್ಷ ಮಕ್ಕಳನ್ನು ನಿಲ್ಲಿಸಿ ಪ್ರಶ್ನೆ ಕೇಳಿದೆ. ಇವತ್ತು ಅವಳು ಕೇಳಿದ್ದಕ್ಕೆ ನಂಗೆ ಉತ್ತರ ಬರ್ಲಿಲ್ಲ." ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಅವತ್ತೂ ಆಡಲಿಲ್ಲ, ಅದಕ್ಕೆ ಮೊದಲೂ ಆಡಿರಲಿಲ್ಲ, ಆಮೇಲೂ ಆಡಲಿಲ್ಲ. ಆಡಿದ್ದರೆ ನಾನು ಅಳಬಹುದಿತ್ತು, ವಾದ ಮಾಡಬಹುದಿತ್ತು. ಅವರು ಎಲ್ಲವನ್ನೂ ತಮ್ಮ ಹೆಸರಿಗೇ ಬರೆದುಕೊಂಡರು.

ಇನ್ನೊಂದು ಮಸ್ಟರಿಂಗಿಗೆ ಅವರು ಉಳಿಯಲಿಲ್ಲ. ಬೆಳಿಗ್ಗೆ ಚಹಾ ಕುಡಿದು ಪೇಪರು ಓದುತ್ತಾ ಕೂತವರು ಹಾಗೆಯೇ ಪಕ್ಕಕ್ಕೆ ವಾಲಿದರಂತೆ.

ಮಣ್ಣು ಮಾಡಿದ ಒಂಬತ್ತನೇ ದಿನ ನಾನು ಒಬ್ಬಳೇ ಮಂಗಲ್ಪಾಡಿಗೆ ಹೋದೆ. ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಮಾಷ್ಟ್ರು ಹೋದರು ಎಂದೆ. "ಗೊತ್ತಾಯ್ತು ಟೀಚರೇ" ಎಂದಳು. ಸ್ಟೂಲು ಎಳೆದುಕೊಟ್ಟಳು.

"ಅವರ ಕಾಗದ…"

"ಅವತ್ತು ಸಂಜೆಯೇ ಓದಿದೆ. ನಂಗೆ ಓದ್ಲಿಕ್ಕೆ ಬರ್ತದೆ."

ನಾನು ಅವಳನ್ನೇ ನೋಡಿದೆ.

"ಎಲ್ಲರ ಎದುರು ನಿಲ್ಲಿಸಿ ಹೇಳಿದ್ದಲ್ವಾ ಟೀಚರೇ? ಅದನ್ನು ಕವರಿನಲ್ಲಿ ಹಾಕಿ ವಾಪಾಸು ತೆಗೊಂಡ್ರೆ ಆಗ್ತದಾ? ಬಾಯಲ್ಲಿ ಹೇಳ್ಲಿ ಅಂತ ಇತ್ತು ನಂಗೆ." ಮತ್ತೆ ಹೇಳಿದಳು: "ಹೇಳಿಸ್ಬಾರ್ದಿತ್ತು. ಅವರಿಗೆ ಆಗ್ಲಿಲ್ಲ."

ನಾನು ಅವತ್ತು ಸ್ಟಾಫ್ ರೂಮಿನಲ್ಲಿ ಏನು ಹೇಳಿದೆ, ಯಾಕೆ ಹೇಳಿದೆ ಎಂಬುದನ್ನೆಲ್ಲ ಅವಳಿಗೆ ಹೇಳಿದೆ. ಅಪ್ರೂವಲಿನ ವಿಷಯವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ನಾನು ಅವತ್ತು ವರಾಂಡದಲ್ಲಿ ನಿಂತಿದ್ದೆ ಟೀಚರೇ, ಪುಸ್ತಕ ವಾಪಾಸು ತೆಗೊಳ್ಳಿಕ್ಕೆ. ನೀವು ಹೇಳಿದ್ದು ಕೇಳಿತ್ತು." ಸ್ವರದಲ್ಲಿ ಸಿಟ್ಟಿರಲಿಲ್ಲ. "ಮಾಷಿನ ಮೇಲೆ ನಂಗೆ ಹೆಚ್ಚು ವರ್ಷ ಬೇಜಾರ ಇರ್ಲಿಲ್ಲ. ಅವರಿಗೆ ಗೊತ್ತಿರ್ಲಿಲ್ಲ. ನಿಮ್ಗೆ ಗೊತ್ತಿತ್ತು."

ಹೊರಗಿನಿಂದ ಒಬ್ಬರು ರೇಷನ್ ಕಾರ್ಡು ಹಿಡಿದು ಒಳಗೆ ಬಂದರು. ನಸೀಮಾ ಅವರಿಗೆ ಕೂರಲು ಕೈ ತೋರಿಸಿ, ನನ್ನ ಕಡೆ ತಿರುಗಿದಳು.

"ಬೇರೆ ಎಂತಾದ್ರೂ ಕೆಲಸ ಉಂಟಾ ಟೀಚರೇ?"

ಇಲ್ಲವೆಂದು ಹೇಳಿ ಸ್ಟೂಲು ಬಿಟ್ಟುಕೊಟ್ಟೆ.